ಮೂವತ್ತಾರಕ್ಕೆ ಹತ್ತೂವರೆ

ಮೂವತ್ತಾರಕ್ಕೆ ಹತ್ತೂವರೆ. ಇಷ್ಟು ಕಡಿಮೆ ಅಂಕ ಮುರಳಿಗೆ ಬಿ.ಸಿ.ಎ. ಕೊನೆಯ ವರ್ಷದ ಗಣಿತದಲ್ಲೂ ಬಂದಿರಲಿಲ್ಲ. ಅಲ್ಲಿಯಾದರೆ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬಹುದಿತ್ತು. ಇಲ್ಲಿ ಅದೂ ಇರಲಿಲ್ಲ. ಜಂಗಮಕೋಟೆಯ ಯೋಗನರಸಿಂಹ ಜೋಯಿಸರು ತಮ್ಮ ಲ್ಯಾಪ್‌ಟಾಪಿನಲ್ಲಿ ಎರಡು ಜಾತಕ ಕೂಡಿಸಿ, ತೆರೆಯ ಮೇಲೆ ಬಂದ ಗುಣಗಳನ್ನು ಶಿರೀಷಾಳ ತಂದೆ ವೆಂಕಟರಾಮಪ್ಪನವರಿಗೆ ಓದಿ ಹೇಳಿದ್ದರು. ಹುಡುಗಿಯದು ರೋಹಿಣಿ, ಹುಡುಗನದು ಮಖ. ನಾಡಿ ಒಂದೇ ಆಗಬಾರದು, ಒಂದೇ ಆಗಿತ್ತು. ಗಣ ಕೂಡಬೇಕು, ಕೂಡಿರಲಿಲ್ಲ. ಹದಿನೆಂಟು ಗುಣವಾದರೂ ಬಾರದ ಮದುವೆಗೆ ಜೋಯಿಸರು ಲಗ್ನ ಇಟ್ಟುಕೊಡುತ್ತಿರಲಿಲ್ಲ.

ವೆಂಕಟರಾಮಪ್ಪನವರನ್ನು ದ್ವೇಷಿಸೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ. "ಹುಡುಗ ಬಂಗಾರ. ಆದ್ರೆ ಜೋಯಿಸರ ಮಾತು ಮೀರಿ ನಮ್ಮನೇಲಿ ಒಂದು ಕರು ಸಮೇತ ಕೊಂಡಿಲ್ಲ," ಎಂದು ಅವರೇ ಸಾದಲಿಯಿಂದ ಶಿಡ್ಲಘಟ್ಟಕ್ಕೆ ಬಂದು, ಮುರಳಿಯ ರಿಪೇರಿ ಅಂಗಡಿಯ ಸ್ಟೂಲಿನ ಮೇಲೆ ಕೂತು, ಕಣ್ಣಲ್ಲಿ ನೀರು ತಂದುಕೊಂಡು ಹೇಳಿ ಹೋಗಿದ್ದರು.

ಅದೇ ಸಂಜೆ ಶಿರೀಷಾ ಚಿಂತಾಮಣಿಯಿಂದ ಫೋನ್ ಮಾಡಿದಳು. ಅಲ್ಲಿಯ ಹೈಸ್ಕೂಲಿನಲ್ಲಿ ಅವಳು ವಿಜ್ಞಾನದ ಟೀಚರು.

"ಜಾತಕದಲ್ಲಿ ನಾನು ಹಾವಂತೆ ಕಣೋ, ನೀನು ಇಲಿಯಂತೆ. ಮದುವೆಯಾದ ವಾರಕ್ಕೇ ನುಂಗಿಬಿಡ್ತೀನಿ ಅಂತ ನಮ್ಮಪ್ಪಂಗೆ ಭಯ."

"ನುಂಗು," ಎಂದ ಮುರಳಿ.

ಅವಳ ಮಾತಿಗಿಂತ ಅವಳು ಸುಮ್ಮನಿರುವುದೇ ಅವನಿಗೆ ಇಷ್ಟ. ಹಿಂದೆ ಬಸ್ಸಿನ ಹಾರನ್ನು, ಯಾರೋ ಕಡಲೆಕಾಯಿ ಕೂಗುವುದು, ನಡುವೆ ಅವಳ ಉಸಿರು. ಆಮೇಲೆ ಅವಳು ಮೆಲ್ಲಗೆ, "ಮುಂದಿನ ತಿಂಗಳು ಗೌರಿಬಿದನೂರಿಂದ ಒಬ್ರು ನೋಡೋಕೆ ಬರ್ತಾರಂತೆ. ಇಪ್ಪತ್ತೆಂಟು ಗುಣ," ಎಂದಳು.

ಎರಡು ವರ್ಷದ ಹಿಂದೆ ಅವಳು ಅಂಗಡಿಗೆ ಬಂದದ್ದು ಅಪ್‌ಡೇಟ್ ಆಗದ ಲ್ಯಾಪ್‌ಟಾಪ್ ಹಿಡಿದುಕೊಂಡು. ಹತ್ತು ನಿಮಿಷದ ಕೆಲಸಕ್ಕೆ ಮುರಳಿ ಮೂರು ದಿನ ಓಡಾಡಿಸಿದ್ದ. ಅದು ಅವನ ಮೊದಲ ಅಪರಾಧ. ಶಿಕ್ಷೆಯಾಗಿರಲಿಲ್ಲ. ಹಾಗಾಗಿ, ಮರುದಿನ ಜೋಯಿಸರದೇ ಫೋನ್ ಬಂದಾಗ, ಎರಡನೆಯದಕ್ಕೆ ಅವನ ಮನಸ್ಸು ಹೆಚ್ಚೇನೂ ಹಿಂಜರಿಯಲಿಲ್ಲ.

"ಏನಪ್ಪಾ ಮುರಳಿ, ಈ ಯಂತ್ರ ಅಪ್‌ಡೇಟ್ ಅಂತ ಶುರು ಮಾಡುತ್ತೆ, ಮೂವತ್ತೈದು ಪರ್ಸೆಂಟಿಗೆ ಹೋಗಿ ವಾಪಸ್ ಬಂದ್ಬಿಡುತ್ತೆ. ವಕ್ರಗತಿ! ನಿನ್ನ ವಿಷಯದಲ್ಲಿ ನನಗೆ ಬೇಜಾರಿದೆ, ಮನಸ್ಸಿಗೆ ಹಚ್ಚಿಕೋಬೇಡ. ಒಂದ್ಸಲ ಬಂದು ನೋಡ್ತೀಯಾ?"

"ಬರ್ತೀನಿ ಜೋಯಿಸರೇ," ಎಂದು ಫೋನ್ ಇಡುವಷ್ಟರಲ್ಲಿ ಅರ್ಧ ಯೋಜನೆ ಸಿದ್ಧವಾಗಿತ್ತು.

ಮಿಕ್ಕರ್ಧವನ್ನು ಅಂಗಡಿಯ ಕಂಪ್ಯೂಟರಿನಲ್ಲಿ ಕೂತು ಮುಗಿಸಿದ. ಜಾತಕ ಕೂಡಿಸುವ ಅಂಥದೇ ಒಂದು ಸಾಫ್ಟ್‌ವೇರ್ ಇಳಿಸಿಕೊಂಡು ತನ್ನ ಹುಟ್ಟನ್ನು ತಿದ್ದಿ ತಿದ್ದಿ ನೋಡಿದ. ತಾರೀಖು ಮುಟ್ಟುವಂತಿಲ್ಲ, ಶಾಲೆಯ ದಾಖಲೆಯಲ್ಲಿದೆ. ವೇಳೆಗೆ ಮಾತ್ರ ಯಾವ ಸರ್ಟಿಫಿಕೇಟೂ ಇಲ್ಲ. ಬೆಳಿಗ್ಗೆ ಆರು ಹತ್ತನ್ನು ಸಂಜೆ ಆರು ಹತ್ತು ಮಾಡಿದ. ಚಂದ್ರ ಮಖ ದಾಟಿ ಪುಬ್ಬಕ್ಕೆ ಕಾಲಿಟ್ಟ. ನಾಡಿ ಬೇರೆಯಾಯಿತು, ಗಣ ಒಂದಾಯಿತು. ಇಲಿ ಇಲಿಯಾಗಿಯೇ ಉಳಿಯಿತು. ಒಟ್ಟು ಇಪ್ಪತ್ತನಾಲ್ಕೂವರೆ. ಎಎಮ್ ಇದ್ದಲ್ಲಿ ಪಿಎಮ್. ಇಡೀ ಅಪರಾಧಕ್ಕೆ ಒಂದೇ ಅಕ್ಷರ ಸಾಕು ಎನ್ನುವುದು ಅವನಿಗೆ ಬಹಳ ಹಿಡಿಸಿತು.

ಸಾಕ್ಷಿಗಳನ್ನು ಒಂದೊಂದಾಗಿ ಯೋಚಿಸಿದ. ಮೊದಲ ಸಾಕ್ಷಿ ಅವನ ತಾಯಿ ಚಿಕ್ಕವೆಂಕಟಮ್ಮ. ಮಗ ಹುಟ್ಟಿದ್ದು ಯಾವಾಗ ಎಂದು ಯಾರು ಕೇಳಿದರೂ ಆಕೆಯದು ಒಂದೇ ಉತ್ತರ: "ಹಾಲು ಕರೆಯೋ ಹೊತ್ತಲ್ಲಿ ಕಣಪ್ಪ." ಈ ಸೀಮೆಯಲ್ಲಿ ಬೆಳಿಗ್ಗೆಯೂ ಹಾಲು ಕರೆಯುತ್ತಾರೆ, ಸಂಜೆಯೂ ಕರೆಯುತ್ತಾರೆ. ಎರಡನೆಯದು ಟ್ರಂಕಿನಲ್ಲಿದ್ದ ಜಾತಕದ ಹಾಳೆ. ಅದು ಈಗ ಅಂಗಡಿಯಲ್ಲಿ, ಕೆಟ್ಟ ಕೀಬೋರ್ಡುಗಳ ಪೆಟ್ಟಿಗೆಯ ತಳದಲ್ಲಿತ್ತು. ಇನ್ನು ಜೋಯಿಸರ ನೆನಪು. ನಾಲ್ಕು ಸಾವಿರ ಜಾತಕಗಳನ್ನು ಯಂತ್ರಕ್ಕೆ ತುಂಬಿಸಿದ ಮೇಲೆ ಯಾವ ವೇಳೆಯನ್ನೂ ನೆನಪಿಡುವ ಕಷ್ಟವಿಲ್ಲವೆಂದು ಅವರೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದರು.

ಮೊದಲ ದಿನ ಹೋದಾಗ ತೊಂದರೆ ಏನೆಂದು ಹತ್ತೇ ನಿಮಿಷಕ್ಕೆ ಗೊತ್ತಾಯಿತು. ಮೊಮ್ಮಗಳ ಭರತನಾಟ್ಯದ ವಿಡಿಯೊಗಳಿಂದ ಸಿ ಡ್ರೈವ್ ಗಂಟಲವರೆಗೆ ತುಂಬಿತ್ತು. ಇಳಿಸಿಕೊಂಡ ಅಪ್‌ಡೇಟ್ ಅರ್ಧಕ್ಕೇ ಕೆಟ್ಟು ಕೂತಿತ್ತು. ಮುರಳಿ ಅದನ್ನು ಹೇಳಲಿಲ್ಲ. ಜೋಯಿಸರನ್ನೂ ಅವರ ಹೆಂಡತಿ ಗೋದಮ್ಮನವರನ್ನೂ ಎದುರಿಗೆ ಕೂರಿಸಿಕೊಂಡು ಯಂತ್ರವನ್ನು ಮತ್ತೆ ಶುರು ಮಾಡಿದ. ಮೂವರೂ ತೆರೆಯನ್ನೇ ನೋಡಿದರು. ಮೂವತ್ತಮೂರು. ಮೂವತ್ತನಾಲ್ಕು. ಮೂವತ್ತೈದು. ಆಮೇಲೆ, ಮಾಡಿದ ಬದಲಾವಣೆಗಳನ್ನೆಲ್ಲ ರದ್ದು ಮಾಡುತ್ತಿದ್ದೇನೆ ಎಂದು ಯಂತ್ರ ಹೇಳಿತು.

"ಅಯ್ಯೋ ಪಾಪ," ಎಂದರು ಗೋದಮ್ಮ, ಹೊಸಿಲಲ್ಲಿ ಎಡವಿದ ಕೂಸಿಗೆ ಅನ್ನುವ ಹಾಗೆ.

"ಇದು ಶುರುವಾಗಿ ಎಷ್ಟು ದಿನ ಆಯ್ತು ಜೋಯಿಸರೇ?"

"ಹದಿನೈದು ದಿನ."

"ಓಹೋ. ಹಾಗಾದ್ರೆ ಈ ಹದಿನೈದು ದಿನದಲ್ಲಿ ಹಾಕಿದ ಲೆಕ್ಕಗಳು..." ಎಂದು ಮುರಳಿ ಅಲ್ಲಿಗೇ ನಿಲ್ಲಿಸಿದ.

ಎಲ್ಲಿ ಸುಮ್ಮನಾಗಬೇಕೆಂಬ ವಿದ್ಯೆ ಅವನಿಗೆ ಹುಟ್ಟಿನಿಂದಲೇ ಬಂದದ್ದು. ಆ ಹದಿನೈದು ದಿನದಲ್ಲಿ ಯಾರ ಯಾರ ಜಾತಕ ನೋಡಿದ್ದೆನೆಂದು ಜೋಯಿಸರು ಬೆರಳು ಮಡಿಸತೊಡಗಿದರು. ಮೂರನೆಯ ಬೆರಳಿಗೆ ಬಂದು ಮುರಳಿಯನ್ನೇ ನೋಡಿದರು. ಅವನು ತಲೆ ತಗ್ಗಿಸಿಕೊಂಡ. ಅವನ ಯೋಜನೆ ಓಡುತ್ತಿದ್ದದ್ದೇ ಆ ಮುದುಕರ ಪ್ರಾಮಾಣಿಕತೆಯ ಮೇಲೆ.

ಎರಡನೆಯ ದಿನ ಜೋಯಿಸರು ಪೂಜೆಗೆ ಕೂರುವ ಹೊತ್ತು ನೋಡಿಕೊಂಡು ಹೋದ. ಒಳಗಿನಿಂದ ಗಂಟೆಯ ಸದ್ದು ಬಂದಾಗ ತನ್ನ ಜಾತಕ ತೆರೆದ. ಎ ಅಳಿಸಿ ಪಿ ಒತ್ತಿದ. ನಾಲ್ಕು ಸೆಕೆಂಡು ಹಿಡಿಯಿತು. ಆಮೇಲೆ ಎಲ್ಲ ಜಾತಕಗಳನ್ನೂ ಹೊರಗಿನ ಡಿಸ್ಕಿಗೆ ತೆಗೆದು ಮತ್ತೆ ಒಳಗೆ ತುಂಬಿಸಿದ. ಈಗ ನಾಲ್ಕು ಸಾವಿರ ಕಡತಗಳಿಗೂ ಉಳಿಸಿದ ದಿನಾಂಕ ಒಂದೇ, ತಿದ್ದಿದ್ದು ಯಾವುದೆಂದು ದೇವರಿಗೂ ಗೊತ್ತಾಗದು.

ಮಿಕ್ಕ ಹೊತ್ತೆಲ್ಲ ಮನಸ್ಸಿಟ್ಟು ನಿಯತ್ತಿನ ಕೆಲಸ ಮಾಡಿದ. ವಿಡಿಯೊಗಳನ್ನು ಡಿಸ್ಕಿಗೆ ಸಾಗಿಸಿ ಜಾಗ ಮಾಡಿದ. ಅಪ್‌ಡೇಟ್ ಸೇವೆಯನ್ನು ನಿಲ್ಲಿಸಿ, ಕೆಟ್ಟುಹೋದ ಕಡತಗಳಿದ್ದ ಫೋಲ್ಡರ್ ಖಾಲಿ ಮಾಡಿ, ಸೇವೆಯನ್ನು ಮತ್ತೆ ಶುರು ಮಾಡಿದ. ಪ್ರಿಂಟರಿನ ವೈರನ್ನೂ ಪೆನ್‌ಡ್ರೈವನ್ನೂ ಕಿತ್ತಿಟ್ಟು, ಅಪ್‌ಡೇಟನ್ನು ಹೊಸದಾಗಿ ಇಳಿಸಿಕೊಂಡ. ಜೋಯಿಸರು ತೀರ್ಥ ಹಿಡಿದು ಹೊರಗೆ ಬರುವ ಹೊತ್ತಿಗೆ ಯಂತ್ರ ಮೂವತ್ತೈದರಲ್ಲಿ ನಿಂತಿತ್ತು. ಈ ಸಲ ಮುರಳಿಗೂ ನಿಜವಾಗಿಯೇ ಭಯವಾಯಿತು. ಮೂವತ್ತಾರು ಎಂದಿತು ಯಂತ್ರ. ಗೋದಮ್ಮ ಚಪ್ಪಾಳೆ ತಟ್ಟಿದರು.

ಭಾನುವಾರ ಜೋಯಿಸರೇ ಹೇಳಿ ಕಳಿಸಿ ವೆಂಕಟರಾಮಪ್ಪನವರನ್ನು ಕರೆಸಿದರು. ಯಂತ್ರ ಮತ್ತೆ ಹಟ ಮಾಡಿದರೆ ಇರಲಿ ಎಂದು ಮುರಳಿಗೂ ಬರಹೇಳಿದ್ದರು. ಅವನು ಗೋಡೆಗೊರಗಿ, ತನಗೂ ಇದಕ್ಕೂ ಸಂಬಂಧವೇ ಇಲ್ಲದವನ ಹಾಗೆ ಕೂತ.

"ಏಮಿ ಸ್ವಾಮಿ, ಯಂತ್ರಕ್ಕೆ ಜ್ವರ ಬಂದಿತ್ತಂತೆ?"

"ಜ್ವರವೇ ಕಣಯ್ಯ. ಜ್ವರದಲ್ಲಿ ಏನೋ ಬಡಬಡಿಸಿತ್ತು. ಈಗ ನೋಡು, ಇಪ್ಪತ್ತನಾಲ್ಕೂವರೆ."

ವೆಂಕಟರಾಮಪ್ಪನವರು ಟವಲಿನಿಂದ ಮುಖ ಒರೆಸಿಕೊಂಡರು. "ನಂಗೆ ಅವತ್ತೇ ಅನ್ನಿಸ್ತು ಸ್ವಾಮಿ. ಇಂಥ ಹುಡುಗನಿಗೆ ಹತ್ತೂವರೆ ಅಂದ್ರೆ ಏನರ್ಥ? ಏನಪ್ಪಾ ಅಳಿಯಂದ್ರೇ, ಅಷ್ಟು ದೂರ ಯಾಕೆ ಕೂತ್ರಿ?" ಎಂದು ನಕ್ಕರು. ಗೋದಮ್ಮ ಬೆಲ್ಲದ ಚೂರು ತಂದು ಎಲ್ಲರ ಕೈಗೂ ಹಾಕಿದರು. ಮುರಳಿಯ ಜೇಬಿನಲ್ಲಿ ಫೋನ್ ಗುಯ್‌ಗುಟ್ಟಿತು. ಶಿರೀಷಾ ಏನೂ ಬರೆದಿರಲಿಲ್ಲ, ಒಂದು ಹಾವಿನ ಚಿತ್ರ ಕಳಿಸಿದ್ದಳು. ಬೆಲ್ಲ ಬಾಯಲ್ಲಿ ಕರಗುತ್ತಿದ್ದಾಗ ಮುರಳಿ ಯೋಜನೆಯನ್ನು ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಮನಸ್ಸಿನಲ್ಲೇ ಓಡಿಸಿ ನೋಡಿದ. ಎಲ್ಲೂ ಬಿರುಕಿರಲಿಲ್ಲ.

ಮದುವೆಯ ಕಾಗದವನ್ನು ಯಂತ್ರದಲ್ಲಿ ಅಚ್ಚು ಹಾಕಬಾರದೆಂದು ಜೋಯಿಸರು ಒಂದು ಬಿಳಿಹಾಳೆಯ ನಾಲ್ಕು ಮೂಲೆಗೂ ಅರಿಸಿನ ಹಚ್ಚಿ, ಪೆನ್ನು ಹಿಡಿದರು. ವರನ ಹೆಸರು ಬರೆದರು. ಅದರ ಮುಂದೆ ನಕ್ಷತ್ರ ಪುಬ್ಬ, ಒಂದನೇ ಪಾದ ಎಂದು ಬರೆಯುತ್ತ, ಐವತ್ತು ವರ್ಷದ ಅಭ್ಯಾಸದಂತೆ ಆ ನಕ್ಷತ್ರಕ್ಕೆ ಹುಟ್ಟಿದ ಕೂಸುಗಳಿಗೆ ಇಡಬೇಕಾದ ಹೆಸರಿನ ಮೊದಲಕ್ಷರಗಳನ್ನು ತುಟಿಯಲ್ಲೇ ಗುನುಗಿದರು: "ಮೋ, ಟ, ಟಿ, ಟು." ಪೆನ್ನು ನಿಂತಿತು. ಅವರು ಈಗಷ್ಟೇ ಬರೆದ ಹೆಸರನ್ನು ನೋಡಿದರು, ಪಾದವನ್ನು ನೋಡಿದರು, ಮತ್ತೆ ಹೆಸರನ್ನು ನೋಡಿದರು. ತನ್ನ ಹೆಸರು ಅಡುಗೆಮನೆಯ ಗೋಡೆಯ ಮೇಲಿದ್ದ ಕೃಷ್ಣನ ಕ್ಯಾಲೆಂಡರಿನಿಂದ ಬಂದದ್ದೆಂದು ಮುರಳಿ ಇಲ್ಲಿಯವರೆಗೆ ನಂಬಿಕೊಂಡಿದ್ದ. "ನಿಮ್ಮಮ್ಮ ನಿನ್ನನ್ನ ಎತ್ಕೊಂಡು ಇದೇ ಜಗಲಿ ಮೇಲೆ ಕೂತಿದ್ಲಪ್ಪ, ಅಕ್ಷರ ಕೊಟ್ಟು ಕಳಿಸಿದವನು ನಾನೇ," ಎಂದರು ಜೋಯಿಸರು. ಆಮೇಲೆ ಕನ್ನಡಕದ ಮೇಲಿಂದ ಅವನನ್ನೇ ನೋಡುತ್ತ, ಬೆಲ್ಲ ಮೆಲ್ಲುತ್ತಿದ್ದ ವೆಂಕಟರಾಮಪ್ಪನವರಿಗೂ ಕೇಳುವ ಹಾಗೆ, ಒಂದೊಂದೇ ಬೆರಳು ಮಡಿಸಿದರು: "ಮ, ಮಿ, ಮು... ಮಖ."