ಸಮನಾಗಿ ಕೊಳೆಯಾದ ಬಟನ್‌ಗಳು

ಶಾಲೆಯಲ್ಲಿ ಫೋಟೋ ತೆಗೆದು ಮುಗಿದ ಮೇಲೆ ಮಕ್ಕಳ ತೊಡೆಯ ಮೇಲಿಂದ ಕಂಪ್ಯೂಟರುಗಳನ್ನು ಎತ್ತಿ ಮತ್ತೆ ವ್ಯಾನಿಗೆ ತುಂಬಲಾಯಿತು. ತುಂಬಿದವನು ಡ್ರೈವರ್.

ಮಾರನೆಯ ಬೆಳಿಗ್ಗೆ ಅವನು ರಿಪೇರಿ ಅಂಗಡಿಯ ಮುಂದೆ ವ್ಯಾನು ನಿಲ್ಲಿಸಿದ. ಹಾರ್ನ್ ಹೊಡೆಯಲಿಲ್ಲ.

ಮೆಟ್ಟಿಲ ಕೆಳಗಿನ ಆ ಅಂಗಡಿಯಲ್ಲಿ, ಸತ್ತ ಲ್ಯಾಪ್‌ಟಾಪುಗಳ ರಾಶಿಯ ನಡುವೆ ಅವಳು ಕೂತಿದ್ದಳು. ಯಾರೋ ಎಸೆದ ಫೋನಿನ ಬೋರ್ಡು, ಒಡೆದ ಟಿವಿಯ ಸ್ಪೀಕರು, ಆಫೀಸುಗಳು ಕೈಬಿಟ್ಟ ಕೀಬೋರ್ಡು ಎಲ್ಲವನ್ನೂ ಕೂಡಿಸಿ, ಬಡವರ ಮಕ್ಕಳಿಗೆಂದು ಪುಟ್ಟ ಕಂಪ್ಯೂಟರು ಕಟ್ಟುವುದು ಅವಳ ಕೆಲಸ. ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ಸಂಸ್ಥೆಯೊಂದು ಅವನ್ನು ಕೊಂಡು ಶಾಲೆಗಳಿಗೆ ಹಂಚುತ್ತಿತ್ತು. ಹಂಚುತ್ತದೆ ಎಂದು ಅವಳು ನಂಬಿದ್ದಳು. ಅವನು ಓಡಿಸುತ್ತಿದ್ದದ್ದು ಅದೇ ಸಂಸ್ಥೆಯ ವ್ಯಾನು.

"ಏನು ಹಾರ್ನ್ ಸಾಹೇಬ್ರೇ, ಇವತ್ತು ಗಂಟಲು ಕಟ್ಟಿದ್ಯಾ?"

ತುಟಿಯ ಒಂದು ಮೂಲೆಯಲ್ಲಿ ಸ್ಕ್ರೂ ಕಚ್ಚಿಕೊಂಡಿದ್ದರಿಂದ ಅವಳ ನಗು ಇನ್ನೊಂದು ಮೂಲೆಗೆ ಜಾರಿತ್ತು. ಆ ಓರೆ ನಗುವಿಗಾಗಿಯೇ ಅವನು ದಿನವೂ ಸುತ್ತುಬಳಸಿ ಈ ಬೀದಿಗೆ ಬರುತ್ತಿದ್ದದ್ದು.

"ಮಕ್ಕಳು ಏನಂದ್ರು? ಬೇಗ ಹೇಳಿ."

"ಕುಣಿದಾಡಿದ್ರು."

"ಆ ಹಸಿರು ಡಬ್ಬಿದು? ಚೆನ್ನಾಗಿಲ್ಲ ಅಂತ ಯಾರೂ ಮುಟ್ಟಲಿಲ್ವಾ?"

"ಅದಕ್ಕೇ ಜಗಳ ಆಡಿದ್ರು."

ಎರಡೂ ನಿಜವೇ. ಆಮೇಲೆ ಏನಾಯಿತೆಂದು ಅವಳು ಕೇಳಲಿಲ್ಲ. ಅವನು ಹೇಳಲಿಲ್ಲ.

"ನಮ್ಮ ಬೀದಿ ಇವನ ದಾರಿಗೆ ಬರೋದೇ ಇಲ್ಲ," ಮೂಲೆಯಲ್ಲಿ ಸ್ಕ್ರೂ ಆರಿಸುತ್ತಿದ್ದ ಅವಳ ಚಿಕ್ಕಮ್ಮ ಗೊಣಗಿದಳು. "ದಿನಾ ದಾರಿ ತಪ್ತಾನೆ. ಡ್ರೈವರ್ ಅಂತೆ, ಡ್ರೈವರ್!"

ಅವಳ ಕಿವಿ ಕೆಂಪಾಯಿತು. ಅದನ್ನು ಮರೆಮಾಚಲು ಹೊಸದೊಂದು ಕೀಬೋರ್ಡನ್ನು ಅವನ ಮುಂದೆ ತಳ್ಳಿದಳು. "ಒತ್ತಿ ನೋಡಿ. ಹಳೇ ರಿಮೋಟಿನ ರಬ್ಬರ್ ಹಾಕಿದೀನಿ. ಎಳೇ ಬೆರಳು, ನೋಯಬಾರ್ದು ನೋಡಿ." ಅವನು ಹಿಂಜರಿದಾಗ ಅವನ ಬೆರಳು ಹಿಡಿದು ತಾನೇ ಒತ್ತಿಸಿದಳು.

ಎಷ್ಟು ಕಾಲದಿಂದ ಬಯಸಿದ್ದ ಸ್ಪರ್ಶ! ಆದರೆ ಅದೇ ಕೈ ನಿನ್ನೆ ಮಕ್ಕಳ ತೊಡೆಗಳನ್ನು ಬರಿದು ಮಾಡಿತ್ತು. ಕೈ ಎಳೆದುಕೊಂಡು ಜೇಬಿಗಿಟ್ಟ.

ಅಂದಿನಿಂದ ಅವಳು ಕೇಳುತ್ತ ಹೋದಳು, ಅವನು ಕತೆ ಕಟ್ಟುತ್ತ ಹೋದ. ಒಬ್ಬ ಹುಡುಗ ರೈಲಿನ ಚಿತ್ರ ಬರೆದನಂತೆ. ಒಬ್ಬಳು ಅಜ್ಜಿಗೆ ಅಕ್ಷರ ಕಲಿಸುತ್ತಿದ್ದಾಳಂತೆ. ಅವಳು ಬೆಸುಗೆಯ ಕಡ್ಡಿ ಕೆಳಗಿಟ್ಟು, ಗಲ್ಲಕ್ಕೆ ಕೈಯಾನಿಸಿ ಕೇಳುತ್ತಿದ್ದಳು. ಕಂಪ್ಯೂಟರುಗಳು ಮಾತ್ರ ಸಂಸ್ಥೆಯ ಗೋದಾಮಿನಲ್ಲಿ ಬೀಗದ ಹಿಂದಿದ್ದವು. ಅವಳು ನಕ್ಕಷ್ಟೂ ಅವನು ಒಳಗೊಳಗೇ ಕುಗ್ಗುತ್ತಿದ್ದ.

ಒಂದು ದಿನ ಸಂಸ್ಥೆಯ ಡೈರೆಕ್ಟರ್ ಅವನನ್ನು ಕರೆದು ಹೇಳಿದರು: "ಹೊಸ ದಾನಿಗಳು ಸಿಕ್ಕಿದಾರೆ. ಆ ಹುಡುಗಿ ಹತ್ರ ಹಳೇ ದಾನಿಗಳ ಹೆಸರಿನ ಸ್ಟಿಕ್ಕರ್ ಕೀಳಿಸಿ ಹೊಸದು ಹಾಕಿಸ್ಕೊಂಡು ಬಾ. ಸರ್ವೀಸಿಗೆ ಬಂದಿದೆ ಅನ್ನು."

ಗೋದಾಮಿನಿಂದ ತಂದಾಗ ನೋಡುತ್ತಾನೆ, ಎಲ್ಲವೂ ಥಳಥಳ. ಮಕ್ಕಳ ಕೈಗೆ ಬಿದ್ದ ವಸ್ತು ಹೀಗಿರುತ್ತದೆಯೇ? ರಸ್ತೆಬದಿಯಲ್ಲಿ ವ್ಯಾನು ನಿಲ್ಲಿಸಿ, ಟೀಗೆ ಧೂಳು ಕಲಸಿ, ಒಂದೊಂದೇ ಬಟನ್ನಿಗೆ ಹೆಬ್ಬೆರಳಲ್ಲಿ ಸವರಿದ. ಪ್ರೀತಿಸಿದವಳನ್ನು ವಂಚಿಸುವ ಕೆಲಸವನ್ನೂ ಇಷ್ಟು ಶ್ರದ್ಧೆಯಿಂದ ಮಾಡಬಹುದೆಂದು ಅವನಿಗೆ ಅಂದೇ ತಿಳಿದದ್ದು.

ಅವಳು ಹಸಿರು ಡಬ್ಬಿಯನ್ನು ತವರಿಗೆ ಬಂದ ಮಗಳಂತೆ ಎತ್ತಿಕೊಂಡಳು. "ಅಯ್ಯೋ, ಏನು ಗತಿ ಮಾಡಿದಾರೆ ನೋಡು ಚಿಕ್ಕಮ್ಮ!" ಎಂದು ನಕ್ಕಳು. ಬೆಳಕಿಗೆ ಹಿಡಿದಳು. ನಗು ನಿಂತಿತು.

"ಇದನ್ನ ಕೊಳೆ ಮಾಡಿದ್ಯಾರು?"

"ಮಕ್ಕಳು..."

"ಮಕ್ಕಳು ಎಲ್ಲಾ ಬಟನ್ನೂ ಸಮನಾಗಿ ಒತ್ತಲ್ಲ. ತಮ್ಮ ಹೆಸರಿನ ಅಕ್ಷರಾನ ಒತ್ತಿ ಒತ್ತಿ ಸಾಯ್ಸಿಬಿಡ್ತಾರೆ, ಮಿಕ್ಕಿದ್ದು ಹೊಸದಾಗೇ ಇರುತ್ತೆ. ಇಲ್ಲಿ ನೋಡಿದ್ರೆ ಎಲ್ಲದಕ್ಕೂ ಒಂದೇ ಸಮ ಬಳಿದ ಹಾಗಿದೆ." ಮೂಸಿ ನೋಡಿದಳು. "ಟೀ. ಕೈ ಕೊಡಿ."

ಅವನು ಕೊಟ್ಟ. ಅವನ ಹೆಬ್ಬೆರಳನ್ನು ಗುರುತಿನ ಮೇಲಿಟ್ಟಳು. ಸರಿಯಾಗಿ ಕೂತಿತು.

"ಇಂಗು ತಿಂದ ಮಂಗನ ಹಾಗೆ ಯಾಕೋ ನಿಂತಿದೀಯ?" ಎಂದಳು ಚಿಕ್ಕಮ್ಮ. "ಬಾಯಿ ಬಿಡು."

ಬಿಟ್ಟ. ಗೋದಾಮು, ಬೀಗ, ರೈಲಿನ ಚಿತ್ರದ ಸುಳ್ಳು, ಎಲ್ಲವನ್ನೂ ನೆಲ ನೋಡುತ್ತ ಹೇಳಿದ. "ವಾಪಸ್ ಎತ್ಕೊಳ್ಳೋವಾಗ ಒಂದು ಹುಡುಗಿ... ಆಫ್ ಮಾಡಿ ಕೊಡ್ಲಾ, ಹಾಗೇ ಕೊಡ್ಲಾ ಅಂತ ಕೇಳ್ತು. ಅಳ್ಲಿಲ್ಲ, ಏನಿಲ್ಲ. ಕಿತ್ಕೊಳ್ತಾರೆ ಅಂತ ಮೊದಲೇ ಗೊತ್ತಿದ್ದ ಹಾಗೆ."

"ನೀವೇನಂದ್ರಿ?"

"ಆಫ್ ಮಾಡಿ ಕೊಡು ಅಂದೆ."

ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಹೊಡೆದು ಹೋದರು. ಅವಳು ಹಸಿರು ಡಬ್ಬಿಯನ್ನು ಒದ್ದೆ ಬಟ್ಟೆಯಿಂದ ಒರೆಸತೊಡಗಿದಳು.

"ಕೆಲಸ ಹೋಗುತ್ತೆ ಅಂತ ಹೆದರಿದೆ," ಎಂದ.

"ಅದು ಅರ್ಥ ಆಗುತ್ತೆ. ಆಮೇಲೆ ದಿನಾ ನನಗೆ ಕತೆ ಹೇಳಿದ್ರಲ್ಲ, ಅದು ಯಾರ ಹೆದರಿಕೆಗೆ?"

"ನಿಮ್ಮ ನಗು ನಿಂತ್ಹೋಗುತ್ತೆ ಅಂತ. ಅದನ್ನ ನೋಡ್ದೆ ನನಗೆ ದಿನ ಹೋಗಲ್ಲ."

ಒರೆಸುತ್ತಿದ್ದ ಅವಳ ಕೈ ನಿಂತಿತು. ಕಣ್ಣು ತುಂಬಿದವು, ಸಿಟ್ಟಿನಿಂದಲೋ, ಬೇರೆ ಏನಿಂದಲೋ. "ಹಾಗಾದ್ರೆ ನನ್ನ ನಗೂನೂ ಕದ್ದ ಮಾಲೇ ಆಯ್ತು. ಮಕ್ಕಳಿಂದ ಕಿತ್ತು ನನಗೆ ತಂದು ಕೊಟ್ರಿ."



ಅವಳು ಹೊಸ ಸ್ಟಿಕ್ಕರುಗಳನ್ನು ಹಚ್ಚಿದಳು. ಒಂದೊಂದನ್ನೂ ಹಚ್ಚುವಾಗ ಮುಖ ಇನ್ನಷ್ಟು ಬಿಗಿಯುತ್ತಿತ್ತು. "ನಾಳೆ ನಾನೂ ಬರ್ತೀನಿ," ಎಂದಳು ಕೊನೆಗೆ.

ಮರುದಿನ ಅವಳು ಮುಂದಿನ ಸೀಟಿನಲ್ಲಿ ಕೂರಲಿಲ್ಲ. ಹಿಂದೆ, ತನ್ನ ಡಬ್ಬಿಗಳ ನಡುವೆ ಕೂತಳು. ಕನ್ನಡಿಯಲ್ಲಿ ಒಮ್ಮೆ ಕಣ್ಣು ಕೂಡಿದವು. ಅವಳು ತಿರುಗಿಸಿಕೊಳ್ಳುವಷ್ಟರಲ್ಲಿ ಅವನೇ ತಗ್ಗಿಸಿದ.

ಶಾಲೆಯ ಅಂಗಳದಲ್ಲಿ ಬ್ಯಾನರು ಕಟ್ಟಿತ್ತು. ಮಕ್ಕಳನ್ನು ನೆಲದ ಮೇಲೆ ಸಾಲಾಗಿ ಕೂರಿಸಿ ಮಡಿಲಿಗೊಂದು ಕಂಪ್ಯೂಟರು ಇಟ್ಟರು. ನಗಿ ಎಂದರು. ಹೇಳುವ ಮುಂಚೆಯೇ ಅವರು ನಕ್ಕಿದ್ದರು. ಎಲ್ಲ ಕಡೆಯಿಂದಲೂ ಕೀಕೀ, ಟಿಣ್‌ಟಿಣ್. ಅವಳು ಅವರ ನಡುವೆಯೇ ಕೂತು ಒಬ್ಬಳಿಗೆ ಸಡಿಲವಾದ ತಂತಿ ಸರಿಮಾಡಿಕೊಡುತ್ತಿದ್ದಳು.

ಫೋಟೋ ಮುಗಿದು ದಾನಿಗಳ ಕಾರು ಗೇಟು ದಾಟಿ ಹೊರಟುಹೋಯಿತು. ಡೈರೆಕ್ಟರ್ ಚಪ್ಪಾಳೆ ತಟ್ಟಿದರು. "ಸರಿ, ಆಯ್ತು. ಬೇಗ ಎತ್ತಿಕೋ."

ಡ್ರೈವರ್ ವ್ಯಾನಿನ ಹಿಂಬಾಗಿಲಿಗೆ ಬೀಗ ಹಾಕಿದ. "ಎತ್ತಲ್ಲ ಸರ್."

ಟೀಚರುಗಳು ನೋಡುತ್ತಿದ್ದರು. ಡೈರೆಕ್ಟರ್ ಹಲ್ಲು ಬಿಟ್ಟುಕೊಂಡೇ ದನಿ ತಗ್ಗಿಸಿದರು. "ಕೆಲಸ ಬೇಕೋ ಬೇಡ್ವೋ?"

"ಬೇಕು ಸರ್. ಎತ್ತಲ್ಲ."

ಡೈರೆಕ್ಟರ್ ಅವಳತ್ತ ತಿರುಗಿದರು. "ನೀನಾದ್ರೂ ಬುದ್ಧಿ ಹೇಳಮ್ಮ ಇವನಿಗೆ."

ಅವಳು ತಂತಿಯಿಂದ ಕಣ್ಣೆತ್ತಿ ಅವನನ್ನು ನೋಡಿದಳು. ಆಮೇಲೆ ಪಕ್ಕದ ಮಗುವನ್ನು ತುಸು ಸರಿಸಿ, ನೆಲವನ್ನು ಅಂಗೈಯಿಂದ ಒರೆಸಿದಳು. "ಬನ್ನಿ," ಎಂದಳು. "ಇದನ್ನ ಹಿಡ್ಕೊಳ್ಳಿ, ನನಗೆ ಎರಡು ಕೈ ಸಾಲ್ತಿಲ್ಲ."

ಅವನು ಹೋಗಿ ಕೂತ. ಅವಳ ಭುಜ ಅವನ ಭುಜಕ್ಕೆ ತಾಗಿತು, ಅವಳು ಸರಿಯಲಿಲ್ಲ.

"ಏಯ್, ಏಳೋ ಮೇಲೆ!" ಡೈರೆಕ್ಟರ್ ಈಗ ಕೂಗಿದರು.

ಅವನು ತಂತಿ ಹಿಡಿದುಕೊಂಡು ಕೂತೇ ಇದ್ದ.