ನೂರಾ ಹತ್ತರಲ್ಲಿ ನಿಂತ ಮುಳ್ಳು

ಕೆಂಡದ ಮೇಲೆ ಬೆಳ್ಳುಳ್ಳಿ ಸಿಪ್ಪೆ ಉದುರಿಸಿದಾಗ ಏಳುವ ವಾಸನೆ, ಅದರ ಹಿಂದೆಯೇ ಸಾಂಬ್ರಾಣಿಯದು. ಬಿನ್ನಿಪೇಟೆಯ ಆ ವಠಾರದ ಮಕ್ಕಳಿಗೆಲ್ಲ ಅದು ಯಾರದೋ ಮನೆಗೆ ಪಾಪು ಬಂದ ವಾಸನೆ. ಶೋಭಾರಾಣಿಗೂ ಮೊದಮೊದಲು ಹಾಗೆಯೇ ಇತ್ತು. ಆಮೇಲೊಂದು ಚಳಿಗಾಲ, ಬಾಣಂತಿಗೆ ಗಾಳಿ ತಾಕಬಾರದೆಂದು ಕಿಟಕಿಯ ಸಂದಿಗೆಲ್ಲ ಹಳೆ ಸೀರೆ ತುರುಕಿದ್ದ ಕೋಣೆಯಲ್ಲಿ, ಅಗ್ಗಿಷ್ಟಿಕೆಯ ಪಕ್ಕ ಮಲಗಿದ್ದ ಸೀತಾ ಚಿಕ್ಕಮ್ಮ ಬೆಳಿಗ್ಗೆ ಏಳಲೇ ಇಲ್ಲ. ಮಗು ಹಟ ಮಾಡುತ್ತಿತ್ತೆಂದು ಅಜ್ಜಿ ಅದನ್ನು ಹೊರಗೆತ್ತಿಕೊಂಡು ಬಂದಿದ್ದರಿಂದ ಅದೊಂದು ಉಳಿಯಿತು.

ಶೋಭಾರಾಣಿ ದೊಡ್ಡವಳಾದಳು, ಬಿ.ಎಸ್ಸಿ. ಓದಿದಳು, ವಿಜಯನಗರದ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ಚಿಕ್ಕಮ್ಮನನ್ನು ಒಯ್ದ ಆ ವಾಸನೆಯಿಲ್ಲದ ಗಾಳಿಯ ಹೆಸರು ಕಾರ್ಬನ್ ಮೊನಾಕ್ಸೈಡ್ ಎಂದು ತಿಳಿಯಿತು. ಹೆಸರು ತಿಳಿದ ಮಾತ್ರಕ್ಕೆ ಹೆದರಿಕೆ ಹೋಗಲಿಲ್ಲ. ಬಸವೇಶ್ವರನಗರದ ಈ ಬಾಡಿಗೆ ಮನೆಯ ಮಹಡಿಯಲ್ಲಿ ಅವಳೂ ಅವಳ ತಾಯಿ ಅಂಜನಮ್ಮನೂ ದೇವರಿಗೆ ಧೂಪವನ್ನು ಸಹ ಕೆಂಡದಲ್ಲಿ ಹಾಕುತ್ತಿರಲಿಲ್ಲ.

ಹೀಗಿರುವಾಗ ಕೆಳಮನೆಯ ನಾಗೇಂದ್ರ ಹಿತ್ತಲಿಗೆ ಒಂದು ಕಪ್ಪು ಡ್ರಮ್ಮನ್ನು ಉರುಳಿಸಿಕೊಂಡು ಬಂದ.

ಅವನು ಮೆಟ್ರೊ ಸ್ಟೇಷನ್ನಿನಲ್ಲಿ ಕಂಟ್ರೋಲರ್. ನಲವತ್ತರ ಆಸುಪಾಸು, ಒಂಟಿ. ಪಾಳಿ ಮುಗಿಸಿ ಬಂದವನು ಗೇಟು ಸದ್ದಾಗದ ಹಾಗೆ ಎತ್ತಿ ಮುಚ್ಚುತ್ತಿದ್ದ. ಅಂಜನಮ್ಮನಿಗೆ ನಿದ್ದೆ ತೆಳು ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಶೋಭಾರಾಣಿ ಅದನ್ನು ಗಮನಿಸಿದ್ದಳು. ಗಮನಿಸಿದ್ದು ತಪ್ಪಾಯಿತೇನೋ ಎಂದು ಆಗಾಗ ಹೆದರಿದ್ದಳು ಕೂಡ.

ಡ್ರಮ್ಮಿಗೆ ಚಕ್ರಗಳಿದ್ದವು, ಒಳಗೊಂದು ಜಾಲರಿ, ಮೇಲೊಂದು ಮುಚ್ಚಳ. ತಳದಲ್ಲಿ ಇದ್ದಿಲು ಹಾಕಿ, ಸಣ್ಣ ಉರಿಯಲ್ಲಿ, ಹೊಗೆಯಲ್ಲೇ ಕೋಳಿ ಬೇಯಿಸುವ ಸ್ಮೋಕರ್ ಅದು. ಇದ್ದಿಲು ಎಂಬ ಮಾತು ಕೇಳಿಯೇ ಶೋಭಾರಾಣಿ ಮಹಡಿಯ ಮೆಟ್ಟಿಲು ಹತ್ತಿಬಿಟ್ಟಳು.

ಮರುದಿನ ಮಹಡಿಯ ಮೇಲೆ ಬಟ್ಟೆ ತೆಗೆಯುತ್ತಿದ್ದಾಗ ಕೆಳಗಿನಿಂದ ಗೊಣಗಾಟ ಕೇಳಿಸಿತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಪುಟ್ಟ ಗ್ಯಾಸ್ ಒಲೆ, ಅದರ ಮೇಲೆ ಕುದಿಯುವ ನೀರು, ನೀರಿನಲ್ಲಿ ಎರಡು ಥರ್ಮಾಮೀಟರು.

"ಎರಡೂ ಡಬ್ಬಾ! ಕುದೀತಾ ಇರೋ ನೀರಿಗೆ ತೊಂಬತ್ತೇಳು ತೋರಿಸ್ತಾವಲ್ಲ!"

ಸುಮ್ಮನಿರಬೇಕೆಂದುಕೊಂಡರೂ ಅವಳ ಬಾಯಿ ಕೇಳಲಿಲ್ಲ. "ಅವು ಸರಿಯಾಗೇ ಇವೆ ಸಾರ್. ನಮ್ಮೂರು ಎತ್ತರದಲ್ಲಿದೆ. ಇಲ್ಲಿ ನೀರು ನೂರಕ್ಕೆ ಮುಂಚೆನೇ ಕುದಿಯುತ್ತೆ."

ನಾಗೇಂದ್ರ ತಲೆಯೆತ್ತಿದ. ಹಬೆಗೆ ಅವನ ಕನ್ನಡಕ ಬೆಳ್ಳಗಾಗಿತ್ತು. ಅದನ್ನು ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, ಸಾವಕಾಶವಾಗಿ ಅವಳನ್ನು ನೋಡಿದ.

"ಬೆಂಗಳೂರಲ್ಲಿ ನೀರಿಗೂ ಅರ್ಜೆಂಟಾ ಮೇಡಂ?"

ನಗು ಬಂದೇಬಿಟ್ಟಿತು. ಅವಳು ಒಣಗಿದ ದುಪ್ಪಟ್ಟಾದ ಹಿಂದೆ ಮುಖ ಮರೆಸಿದಳು.

"ಹಾಗಾದ್ರೆ ನೀವೇ ಆರಿಸಿಕೊಡಿ," ಎಂದ ಅವನು. "ಎರಡರಲ್ಲಿ ಒಂದನ್ನ ವಾಪಸ್ ಕೊಡಬೇಕು."

ಅವಳು ಮೆಟ್ಟಿಲಿಳಿದಳು, ಆದರೆ ಕಲ್ಲಿನ ಈಚೆಗೇ ನಿಂತಳು. ಒಂದರ ಕಡ್ಡಿ ಗೇಣುದ್ದ, ಇನ್ನೊಂದರದು ಬೆರಳುದ್ದವೂ ಇಲ್ಲ. ಚಿಕ್ಕದನ್ನು ಹಾಕಿದರೆ ಡ್ರಮ್ಮಿನ ತಗಡಿನ ಬಿಸಿ ತಿಳಿಯುತ್ತದೆಯೇ ಹೊರತು ಒಳಗಿನ ಗಾಳಿಯದಲ್ಲ ಎಂದಳು. ಉದ್ದ ಕಡ್ಡಿಯದಕ್ಕೆ ತಟ್ಟೆಯಂಥ ದೊಡ್ಡ ಮುಖವೂ ಇತ್ತು.

"ಅದೇ ಇರಲಿ," ಎಂದ. "ದೊಡ್ಡ ಮುಖ ಇದ್ರೆ ಮೇಲಿಂದಾನೂ ಕಾಣುತ್ತೆ."

"ಮೇಲಿಂದ ಯಾರಿಗೆ ಕಾಣ್ಬೇಕು?"

"ನಿಮಗೆ. ನೀವು ಡ್ರಮ್ ಹತ್ರ ಬರಲ್ಲ. ಬಂದಾಗಿನಿಂದ ಆ ಕಲ್ಲು ದಾಟಿಲ್ಲ. ಬೆಂಕಿ ಅಂದ್ರೆ ಭಯ ಅಲ್ವಾ? ಎಷ್ಟು ಬಿಸಿ ಇದೆ ಅಂತ ದೂರದಿಂದ ಗೊತ್ತಾದ್ರೆ ಸ್ವಲ್ಪ ಧೈರ್ಯ ಇರುತ್ತೆ."

ಇಷ್ಟನ್ನು ಇವನು ಯಾವಾಗ ನೋಡಿದ? ಬೆಂಕಿಯ ಭಯ ಹಳೆಯದು, ಅದರ ಜೊತೆ ಬಾಳಿ ಅಭ್ಯಾಸವಿತ್ತು. ಈಗ ಎದೆಯಲ್ಲಿ ಎದ್ದದ್ದು ಹೊಸದು.

ಥರ್ಮಾಮೀಟರನ್ನು ಡ್ರಮ್ಮಿಗೆ ಕೂರಿಸುವ ದಿನ ಒಂದು ಜಗಳವಾಯಿತು. ವಿಡಿಯೋಗಳಲ್ಲಿ ನೋಡಿದಂತೆ ಮುಚ್ಚಳದ ನಟ್ಟನಡುವೆ ತೂತು ಕೊರೆಯುತ್ತೇನೆಂದು ನಾಗೇಂದ್ರ ಡ್ರಿಲ್ಲು ಹಿಡಿದು ನಿಂತಿದ್ದ.

"ಬಿಸಿ ಮೇಲಕ್ಕೇರುತ್ತೆ. ಮುಚ್ಚಳದಲ್ಲಿ ಜಾಸ್ತಿನೇ ತೋರಿಸುತ್ತೆ. ನಿಮ್ಮ ಕೋಳಿ ಮಲಗಿರೋದು ಜಾಲರಿ ಮೇಲೆ. ಮುಚ್ಚಳದಲ್ಲಿ ಯಾರು ಮಲಗಿದಾರೆ?"

"ಸ್ಟೇಷನ್ನಲ್ಲಿ ನಾನು ಹೇಳಿದ್ದನ್ನ ಎಲ್ಲರೂ ಕೇಳ್ತಾರೆ, ಗೊತ್ತಾ?"

"ಅಲ್ಲಿ ಮೈಕು ನಿಮ್ಮ ಕೈಯಲ್ಲಿರುತ್ತೆ."

ಅವನು ಸೋತವನ ಹಾಗೆ ಡ್ರಿಲ್ಲನ್ನು ಡ್ರಮ್ಮಿನ ಪಕ್ಕಕ್ಕೆ ತಂದ. ಜಾಲರಿಗಿಂತ ಎರಡು ಬೆರಳು ಮೇಲೆ ಚಾಕ್‌ಪೀಸಿನಿಂದ ಗುರುತು ಹಾಕಿದ, ಮಹಡಿಯ ಕಡೆ ಮುಖ ಬರುವ ಹಾಗೆ. ಕಬ್ಬಿಣದ ಪುಡಿ ಉದುರಿತು. ಹೊರಗಿನಿಂದ ಥರ್ಮಾಮೀಟರು ತೂರಿಸಿದರೆ ಒಳಗಿನಿಂದ ಯಾರಾದರೂ ನಟ್ಟು ಹಿಡಿಯಬೇಕು. ಅವನ ಕೈ ದಪ್ಪ, ಜಾಲರಿಗೂ ತಗಡಿಗೂ ನಡುವಿನ ಮೂಲೆಗೆ ಹೋಗದು.

ಇನ್ನೂ ಬೆಂಕಿ ಕಾಣದ ಡ್ರಮ್ಮು ಅದು. ಹಾಗೆಂದು ತನಗೆ ತಾನೇ ಹೇಳಿಕೊಂಡು, ಉಸಿರು ಬಿಗಿಹಿಡಿದು, ಶೋಭಾರಾಣಿ ಕಲ್ಲು ದಾಟಿದಳು. ಬಗ್ಗಿ ಒಳಗೆ ಕೈಯಿಟ್ಟಳು. ಕತ್ತಲೆ. ಆ ಕತ್ತಲೆಯಲ್ಲಿ ಒಂದು ದುಂಡನೆಯ ಬೆಳಕು. ನೋಡುತ್ತಿದ್ದಂತೆ ಬೆಳಕು ಮುಚ್ಚಿತು; ಆ ತೂತಿನಲ್ಲಿ ಒಂದು ಕಣ್ಣು.

ಕಂದು ಬಣ್ಣದ ಕಣ್ಣು. ರೆಪ್ಪೆ ಮಿಟುಕಿಸಲಿಲ್ಲ. ಅವಳೂ ಮಿಟುಕಿಸಲಿಲ್ಲ.

"ಒಳಗೆ ಏನು ಕಾಣ್ತಿದೆ?" ಎಂದಿತು ತಗಡಿನ ಆಚೆಯ ದನಿ, ತೀರಾ ಮೆಲ್ಲಗೆ.

"ಕೆಲಸ ಬಿಟ್ಟು ಇಣುಕೋರು ಕಾಣ್ತಿದಾರೆ. ಕಡ್ಡಿ ತೂರಿಸಿ."

ನಟ್ಟು ಬಿಗಿಯಾಯಿತು. ಅವಳು ಎದ್ದು ನಿಂತಾಗ ಮೂಗಿನ ತುದಿಗೆ ಕಬ್ಬಿಣದ ಪುಡಿ ಹತ್ತಿತ್ತು. ಅದನ್ನು ಒರೆಸಲು ಅವನ ಕೈ ಅರ್ಧ ದೂರ ಬಂದು, ನಿಂತು, ಕರ್ಚೀಫನ್ನಷ್ಟೇ ಚಾಚಿತು.

"ಭಾನುವಾರ ಮೊದಲನೇ ಕೋಳಿ. ಊಟಕ್ಕೆ ಬರ್ತೀರಾ?" ಎಂದ. ಆಮೇಲೆ ತಮಾಷೆಯೆಲ್ಲ ಬಿಟ್ಟು ಹೇಳಿದ: "ಸುಮ್ನೆ ಕರೀತಿಲ್ಲ ಶೋಭಾ ಅವರೇ. ನೀವು ಬಂದ್ರೆ, ನನ್ನ ಮೇಲೆ ನಿಮಗೂ ಮನಸ್ಸಿದೆ ಅಂತ ತಿಳ್ಕೋತೀನಿ. ಬರದಿದ್ರೆ ಮತ್ತೆ ಯಾವತ್ತೂ ಕೇಳಲ್ಲ."

ಅವಳ ಬಾಯಿಂದ ಬಂದದ್ದು ಬೇರೆಯೇ ಮಾತು. "ಕೆಂಡ ಇರೋವಾಗ ಇದನ್ನ ಯಾವತ್ತೂ ಬಾಗಿಲು ಹಾಕಿರೋ ಜಾಗಕ್ಕೆ ತರಬೇಡಿ."

"ಅಪ್ಪಣೆ," ಎಂದು ನಕ್ಕ. ಚಿಕ್ಕಮ್ಮನ ಕತೆ ನಾಲಗೆಯ ತುದಿಗೆ ಬಂದಿತ್ತು. ಶುಭದ ಮಾತಿನ ನಡುವೆ ಸಾವಿನ ಸುದ್ದಿಯೇಕೆಂದು ಅವಳು ನುಂಗಿಕೊಂಡಳು.

ಭಾನುವಾರ ಮಧ್ಯಾಹ್ನದಿಂದಲೇ ಹಿತ್ತಲಿನಲ್ಲಿ ಹೊಗೆಯಾಡಿತು. ಶೋಭಾರಾಣಿ ಕಿಟಕಿಯಿಂದ ಕದ್ದು ನೋಡಿದಳು. ಮುಳ್ಳು ನೂರಾ ಹತ್ತರಲ್ಲಿತ್ತು. ನಾಗೇಂದ್ರ ಸ್ಟೂಲಿನ ಮೇಲೆ ಕೂತು, ಗಾಳಿಯ ಕಿಂಡಿಯನ್ನು ಒಂದಿಷ್ಟು ತೆರೆಯುತ್ತ, ಒಂದಿಷ್ಟು ಮುಚ್ಚುತ್ತ, ಮಗುವಿನ ಜ್ವರ ನೋಡುವವನಂತೆ ಅದನ್ನೇ ನೋಡುತ್ತಿದ್ದ. ಹೊಸ ಅಂಗಿ ಹಾಕಿದ್ದ. ಕಾಲರಿನಲ್ಲಿ ಅಂಗಡಿಯ ಚೀಟಿ ಹಾಗೆಯೇ ಇತ್ತು.

ಅವಳು ಹಸಿರು ಸೀರೆ ಉಟ್ಟಳು, ಬಿಚ್ಚಿದಳು. ನೀಲಿಯದನ್ನು ಉಟ್ಟಳು. ಮಂಚದ ಮೇಲೆ ಕೂತಳು. ನಾಲ್ಕು ಗಂಟೆಯಾಯಿತು, ಐದಾಯಿತು.

"ಹೋಗಬೇಕಾಗಿರೋದು ಮೆಟ್ಟಿಲಿಳಿದು ಕೆಳಗೆ ಕಣೇ, ಮೈಸೂರಿಗಲ್ಲ," ಎಂದರು ಅಂಜನಮ್ಮ, ಹುರುಳಿಕಾಯಿ ಮುರಿಯುತ್ತ.

"ಭಯ ಆಗ್ತಿದೆ ಅಮ್ಮ."

"ಯಾವುದರದು? ಬೆಂಕಿದಾ, ಅವರದಾ?"

"ಎರಡೂ ಒಂದೇ ಥರ ಇದೆ."

ಅಂಜನಮ್ಮ ಇನ್ನೊಂದು ಹುರುಳಿಕಾಯಿ ಕೈಗೆತ್ತಿಕೊಂಡರು. ತಂಗಿ ಸೀತಾಳನ್ನು ಕಳೆದುಕೊಂಡ ಮೇಲೆ ಅವರೂ ಯಾರಿಗೂ ಧೈರ್ಯ ಹೇಳುವ ಗೋಜಿಗೆ ಹೋಗುತ್ತಿರಲಿಲ್ಲ.

ಅಷ್ಟರಲ್ಲಿ ಮಳೆ ಬಂತು. ಓರೆ ಮಳೆ, ಜೊತೆಗೆ ಗಾಳಿ. ತೆರೆದ ಕಿಟಕಿಗಳನ್ನೆಲ್ಲ ಮುಚ್ಚಿ, ಸೋರುವ ಮೂಲೆಗೆ ಬಕೆಟ್ಟು ಇಟ್ಟು ಬರುವಷ್ಟರಲ್ಲಿ ಬಹಳ ಹೊತ್ತಾಯಿತು. ಮತ್ತೆ ಕೆಳಗೆ ನೋಡಿದರೆ ಹಿತ್ತಲು ಖಾಲಿ. ಸ್ಟೂಲು ಮಗುಚಿ ಬಿದ್ದಿತ್ತು. ಡ್ರಮ್ಮಿಲ್ಲ, ಅವನೂ ಇಲ್ಲ.

ಅಬ್ಬ, ಉಳಿದೆ ಎಂದಿತು ಮನಸ್ಸು. ಮರುಗಳಿಗೆಯೇ ಅಳು ಬಂತು. ನನಗಾಗಿ ಕಾದು, ಸಾಕಾಗಿ, ಎಲ್ಲ ಎತ್ತಿಟ್ಟುಬಿಟ್ಟರು.

ಆಗ ಅವಳಿಗೆ ಕೆಸರಿನಲ್ಲಿ ಚಕ್ರದ ಗೆರೆ ಕಾಣಿಸಿತು. ಅದು ಹಿತ್ತಲ ಮೂಲೆಯ ಮೋಟರ್ ರೂಮಿನವರೆಗೆ ಹೋಗಿತ್ತು. ನೀರಿನ ಪಂಪು ಇರುವ, ಕಿಟಕಿಯಿಲ್ಲದ ಗೂಡು ಅದು. ಕಬ್ಬಿಣದ ಬಾಗಿಲು ಮುಚ್ಚಿತ್ತು. ಒಳಗೆ ಹೋದ ಗೆರೆ ಹೊರಗೆ ಬಂದಿರಲಿಲ್ಲ.

ಮೆಟ್ಟಿಲು ಹೇಗಿಳಿದಳೋ ಅವಳಿಗೆ ತಿಳಿಯದು.

"ನಾಗೇಂದ್ರ ಅವರೇ!" ಬಾಗಿಲು ಬಡಿದಳು. "ನಾಗೇಂದ್ರ!"

ಮಳೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಚಿಲಕ ಹಾಕಿರಲಿಲ್ಲ, ಆದರೂ ಬಾಗಿಲು ಒಳಕ್ಕೆ ಸರಿಯುತ್ತಿಲ್ಲ. ಏನೋ ಭಾರವಾದದ್ದು ಅಡ್ಡವಿತ್ತು, ತಳ್ಳಿದರೆ ಮೆತ್ತಗೆ ಅಲುಗುವಂಥದ್ದು. ಅದೇನೆಂದು ಹೊಳೆದಾಗ ಅವಳು ಮಹಡಿಯ ಕಡೆ ತಿರುಗಿ ಕಿರುಚಿದಳು.

"ಅಮ್ಮಾ!"

ಅಂಜನಮ್ಮ ಆಗಲೇ ಹಿಂದೆ ನಿಂತಿದ್ದರು, ಬರಿಗಾಲಲ್ಲಿ, ನೆನೆಯುತ್ತ. ಬಾಗಿಲು ನೋಡಿದರು. ಅವರ ಮುಖ ಬೂದಿಯಾಯಿತು. ಆದರೆ ಭುಜ ಬಾಗಿಲಿಗೆ ಕೊಟ್ಟರು.

"ಉಸಿರು ಎಳ್ಕೋಬೇಡ. ಮೂಗಿಗೆ ಸೆರಗು ಕಟ್ಕೊಂಡ್ರೂ ಪ್ರಯೋಜನ ಇಲ್ಲ. ಉಸಿರು ಕಟ್ಟಿ ನುಗ್ಗು, ಕಾಲು ಹಿಡ್ದು ಎಳಿ. ಹೂಂ, ಈಗ!"

ಬಾಗಿಲು ಒಂದು ಆಳು ತೂರುವಷ್ಟು ಸರಿಯಿತು. ಇದ್ದಿಲೆಲ್ಲ ಕೆಂಡವಾಗಿ ಹೊಗೆ ಆಗಲೇ ಅಡಗಿತ್ತು; ಒಳಗೆ ಬೆಚ್ಚಗೆ, ಎಲ್ಲವೂ ಸರಿಯಿರುವ ಹಾಗಿತ್ತು. ಅದೇ ಭಯಂಕರವಾಗಿತ್ತು. ಡ್ರಮ್ಮಿನ ಮೇಲೆ ಮುಳ್ಳು ನೂರಾ ಹತ್ತರಲ್ಲಿ ಅಲುಗದೆ ನಿಂತಿತ್ತು. ಬಾಗಿಲಿಗೊರಗಿ ಕೂತಿದ್ದ ನಾಗೇಂದ್ರ ಪಕ್ಕಕ್ಕೆ ಜಾರಿದ್ದ. ಕೆನ್ನೆ ಮಲಗಿದವನ ಹಾಗೆ ಕೆಂಪಗಿತ್ತು.

ಇಬ್ಬರೂ ಸೇರಿ ಅವನನ್ನು ಕೆಸರಿನಲ್ಲಿ ಮಳೆಯ ಕೆಳಗೆ ಎಳೆದು ಹಾಕಿದರು. ಶೋಭಾರಾಣಿ ಅವನ ಹೊಸ ಅಂಗಿಯ ಗುಂಡಿ ಕಿತ್ತಳು, ಹೆಸರು ಹಿಡಿದು ಕೂಗಿದಳು, ಬೈದಳು, ಕೆನ್ನೆಗೆ ಹೊಡೆದಳು. "ಬಂದಿದೀನಿ ನೋಡಿ. ಕಣ್ಣು ಬಿಡಿ. ಬಂದಿದೀನಿ!"

ಎಷ್ಟೋ ಹೊತ್ತಿನ ಮೇಲೆ ಅವನು ಕೆಮ್ಮಿದ. ಮಗ್ಗುಲಾಗಿ ವಾಂತಿ ಮಾಡಿಕೊಂಡ. ಅಂಜನಮ್ಮ ನೆಲದ ಮೇಲೆ ಕೂತು, ಅವನ ತಲೆಯನ್ನು ತೊಡೆಯ ಮೇಲೆತ್ತಿಕೊಂಡು, ಮೊದಲ ಬಾರಿಗೆ ಬಿಕ್ಕಿ ಬಿಕ್ಕಿ ಅತ್ತರು.

ಆಂಬುಲೆನ್ಸು ಬಂತು. ಆ ರಾತ್ರಿಯೆಲ್ಲ ಆಕ್ಸಿಜನ್ ಕೊಟ್ಟರು. ಇನ್ನೊಂದಿಷ್ಟು ತಡವಾಗಿದ್ದರೆ ಎಂದು ಡಾಕ್ಟರು ಶುರು ಮಾಡಿದಾಗ ಶೋಭಾರಾಣಿ ಕೈಯೆತ್ತಿ ಅವರನ್ನು ತಡೆದಳು.

ಮನೆಗೆ ಬಂದ ಸಂಜೆ ನಾಗೇಂದ್ರ ಹಿತ್ತಲ ಮೆಟ್ಟಿಲ ಮೇಲೆ ಶಾಲು ಹೊದ್ದು ಕೂತಿದ್ದ. ಅವಳು ಒಂದು ಮೆಟ್ಟಿಲು ಬಿಟ್ಟು ಕೂತಳು. ಇಬ್ಬರ ದನಿಯೂ ಬಿದ್ದುಹೋಗಿತ್ತು. ಅವನದು ಕೆಮ್ಮಿ, ಅವಳದು ಕೂಗಿ.

"ಮಳೆಗೆ ಮುಳ್ಳು ಬೀಳ್ತಾ ಇತ್ತು," ಎಂದ. "ಒಳಗೆ ತಳ್ಳಿದೆ. ಬಾಗಿಲು ತೆಗೆದೇ ಇಟ್ಟಿದ್ದೆ. ಎರಚಲು ಹೊಡೀತು, ಮತ್ತೆ ಬಿತ್ತು. ಬಾಗಿಲು ಹಾಕ್ದಾಗ ನೂರಾ ಹತ್ತಕ್ಕೆ ಬಂದು ನಿಂತ್ಕೊಳ್ತು. ನೀವು ಬರೋ ಹೊತ್ತಿಗೆ ತಣ್ಣಗಾಗಿರಬಾರದು ಅಂತ... ತಲೆ ಸಿಡೀತಿತ್ತು. ಹಸಿವಿರಬೇಕು ಅಂದ್ಕೊಂಡೆ."

"ಬೇಡ ಅಂದಿದ್ದೆ ನಾನು."

"ಅಂದಿದ್ರಿ. ಭಯಕ್ಕೆ ಹೇಳ್ತಿದೀರ ಅಂದ್ಕೊಂಡೆ."

"ಭಯಕ್ಕೇ ಹೇಳಿದ್ದು," ಎಂದಳು ಶೋಭಾರಾಣಿ. ಆಮೇಲೆ ಅವನಿಗೆ ಸೀತಾ ಚಿಕ್ಕಮ್ಮನ ವಿಷಯ ಹೇಳಿದಳು. ಮನೆಯ ಹೊರಗಿನವರಿಗೆ ಯಾರಿಗೂ ಹೇಳಿರಲಿಲ್ಲ. ಅಲ್ಲಲ್ಲಿ ನಿಲ್ಲಿಸುತ್ತ, ಸೀರೆಯ ಅಂಚನ್ನು ಬೆರಳಿಗೆ ಸುತ್ತುತ್ತ ಹೇಳಿದಳು. ಕೇಳಿ ಮುಗಿದ ಮೇಲೆ ಅವನು ತಲೆ ತಗ್ಗಿಸಿದ.

"ನಿಮ್ಮನ್ನ ಮತ್ತೆ ಅಂಥ ಬಾಗಿಲ ಮುಂದೆ ನಿಲ್ಲಿಸಿಬಿಟ್ಟೆ," ಎಂದ. "ಇನ್ನೇನೂ ಕೇಳೋ ಯೋಗ್ಯತೆ ನನಗಿಲ್ಲ."

"ನೀವು ಕೇಳಿ ಆಗಿದೆ. ನಾನು ಬಂದೂ ಆಗಿದೆ." ಅವಳು ಬೆರಳಿಗೆ ಸುತ್ತಿದ್ದ ಸೀರೆಯ ಅಂಚನ್ನು ಬಿಟ್ಟಳು. "ತಡವಾಗಿ ಬಂದೆ. ಭಯ ಹೋಗ್ಲಿ, ಆಮೇಲೆ ಹೋಗೋಣ ಅಂತ ಕೂತಿದ್ದೆ. ಅದು ಹೋಗಲ್ಲ ರೀ. ಈಗಲೂ ಇದೆ, ನಿನ್ನೆಗಿಂತ ಜಾಸ್ತಿನೇ ಇದೆ. ನಿಮಗೆ ನೆಗಡಿ ಬಂದ್ರೂ ಹೆದರ್ತೀನಿ. ಪಾಳಿಯಿಂದ ಬರೋದು ತಡ ಆದ್ರೂ ಹೆದರ್ತೀನಿ. ಅಂಥವಳು ಆಗಬಹುದಾ?"

ನಾಗೇಂದ್ರ ಅವಳ ಕಡೆ ತಿರುಗಿದ. ಕನ್ನಡಕವಿಲ್ಲದ ಆ ಕಂದು ಕಣ್ಣು ಕೆಂಪಡರಿತ್ತು. ಅವನು ಕೈಯನ್ನು ಮೆಟ್ಟಿಲ ಮೇಲೆ ಅಂಗೈ ಮೇಲಾಗಿ ಇಟ್ಟ. ಅವಳ ಕೈ ಬಂದು ಅದರ ಮೇಲೆ ಕೂತಿತು.

"ಫೋನ್ ಮಾಡ್ತೀನಿ," ಎಂದ ಪಿಸುದನಿಯಲ್ಲಿ. "ತಡ ಆದ್ರೆ. ಪ್ರತಿ ಸಲ."

ಹಿಂದೆ ಬಳೆಯ ಸದ್ದಾಯಿತು. ಅಂಜನಮ್ಮ ಇಳಿದು ಬಂದರು. ಶೋಭಾರಾಣಿ ಕೈ ಹಿಂದೆಗೆಯಲು ನೋಡಿದಳು. ಅವರು ನೋಡದವರ ಹಾಗೆ ನಡುವಿನ ಮೆಟ್ಟಿಲಿಗೆ ಬಂದು ಬಗ್ಗಿದರು. ಸ್ಟೀಲಿನ ತಟ್ಟೆಯಲ್ಲಿ ಮೆತ್ತಗೆ ಬೇಯಿಸಿದ ಅನ್ನ, ಗಂಟಲಿಗೆ ಉರಿಯಾಗದಂತೆ ಮೆಣಸಿನಕಾಯಿ ಹಾಕದೆ ಮಾಡಿದ ತೊಗರಿಬೇಳೆ ಸಾರು, ಮೇಲೊಂದು ಚಮಚ ತುಪ್ಪ. ಎದ್ದು ನಿಲ್ಲಲು ಹೋದವನ ಭುಜ ಒತ್ತಿ ಕೂರಿಸಿದರು. ತಟ್ಟೆಯನ್ನು ಅವನ ಎರಡೂ ಕೈಗಿಟ್ಟು, ಆ ಕೈಗಳು ನಡುಗುವುದು ನಿಲ್ಲುವವರೆಗೂ ತಳ ಹಿಡಿದುಕೊಂಡಿದ್ದು, ಆಮೇಲೆ ಮೆಲ್ಲಗೆ ಬಿಟ್ಟರು.