ಹಿಲ್ಲೆವಿಯ ಕಾಲು ನಿಲ್ಲಲಿಲ್ಲ

ಜುಲೈ ತಿಂಗಳು, ಹುಲ್ಲು ಕೊಯ್ಯುವ ಕಾಲ. ಬುಧವಾರ ಬೆಳಿಗ್ಗೆ ಹತ್ತು ಗಂಟೆಯಿರಬೇಕು. ಸರೋವರದ ದಡದ ಶಾಲೆಯ ವ್ಯಾಯಾಮದ ಹಾಲ್‌ನಲ್ಲಿ ನಾಲ್ಕು ಕುರ್ಚಿ, ನಾಲ್ಕು ವಾದ್ಯ.

"ನಿಲ್ಸಿ! ಆ ಕಾಲು ಮೊದ್ಲು ನಿಲ್ಸಿ!"

ಸಂಗೀತೋತ್ಸವದ ಯಜಮಾನ ಪ್ರೊಫೆಸರ್ ಗ್ರೆನ್‌ಮನ್ ಕೂಗಿದ ರಭಸಕ್ಕೆ ನಾಲ್ಕೂ ಕಮಾನುಗಳು ಗಾಳಿಯಲ್ಲೇ ನಿಂತವು. ಹಿಲ್ಲೆವಿಯ ಬಲಗಾಲು ಮಾತ್ರ ಇನ್ನೊಂದು ಸಲ ನೆಲಕ್ಕೆ ಬಡಿದೇ ನಿಂತಿತು. ಧಪ್!

ಅವಳು ದೂರದ ಹಳ್ಳಿಯೊಂದರ ಮದುವೆಗಳಲ್ಲಿ ಪಿಟೀಲು ನುಡಿಸುತ್ತಿದ್ದವನ ಮಗಳು. ಅಪ್ಪನಿಗೆ ತಾಳ ಹಾಕಲು ಬೇರೆ ಯಾರೂ ಇರಲಿಲ್ಲ, ಕಾಲೇ ಇತ್ತು. ಹೆಲ್ಸಿಂಕಿಯ ಗುರುಗಳು ಒಂದು ವರ್ಷ ಅವಳ ಕಾಲನ್ನು ಕುರ್ಚಿಗೆ ಶಾಲಿನಿಂದ ಕಟ್ಟಿ ಕಲಿಸಿದ್ದರು. ಆಮೇಲೆ ಆರು ವರ್ಷ ದೊಡ್ಡ ವಾದ್ಯವೃಂದದ ಕೊನೆಯ ಸಾಲಿನಲ್ಲಿ ಕಲ್ಲಿನಂತೆ ಕೂತು ನುಡಿಸಿದಳು.

ಹೋದ ಚಳಿಗಾಲ ಅಪ್ಪ ತೀರಿಕೊಂಡ. ಮಣ್ಣು ಮಾಡಿದ ದಿನ ಅವನದೇ ಪಿಟೀಲು ಎತ್ತಿದಳು. ಕಾಲು ತಾನಾಗಿ ಎದ್ದಿತು. ಅಂದಿನಿಂದ ಅವಳು ಅದನ್ನು ತಡೆದಿರಲಿಲ್ಲ.

"ಶನಿವಾರ ರೇಡಿಯೋದವರು ಬರ್ತಾರೆ," ಎಂದರು ಪ್ರೊಫೆಸರ್. "ಇದು ಟೊಳ್ಳು ನೆಲ. ನಿಮ್ಮ ಕಾಲು ಇಡೀ ದೇಶಕ್ಕೇ ಕೇಳುತ್ತೆ. ನೆಲದಿಂದ ಒಂದು ಸದ್ದು ಬಂದ್ರೂ ಮೊದಲ ಪಿಟೀಲಿಗೆ ಬೇರೆಯವರನ್ನ ಕರೆಸ್ತೀನಿ!"

ಎಷ್ಟು ವರ್ಷಗಳ ನಂತರ ಸಿಕ್ಕ ಮೊದಲ ಕುರ್ಚಿ ಅದು! ಹಿಲ್ಲೆವಿ ಉಳಿದ ಮೂವರ ಮುಖ ನೋಡಿದಳು. ಇಬ್ಬರು ತಲೆ ತಗ್ಗಿಸಿದರು. ಎದುರಿಗಿದ್ದವನು, ನೆಲಕ್ಕೆ ಮೊನೆಯೂರಿ ನುಡಿಸುವ ದೊಡ್ಡ ಪಿಟೀಲಿನಂಥ ಚೆಲ್ಲೋ ಹಿಡಿದ ರೈಮೋ. ಅಂದೇ ಮೊದಲ ಬಾರಿ ಕಂಡವನು. ಹದಿನೈದು ನಿಮಿಷ ಜೊತೆಗೆ ನುಡಿಸಿದ್ದರು, ಅಷ್ಟೇ. ಆದರೆ ಆ ಹದಿನೈದು ನಿಮಿಷದಲ್ಲಿ ಅವಳ ಉಸಿರು ಎಲ್ಲಿ ತಿರುಗುತ್ತದೋ ಅಲ್ಲೇ ಅವನ ಕಮಾನೂ ತಿರುಗಿತ್ತು...

"ನೀವೇ ಹೇಳಿ. ನನ್ನ ಕಾಲಿಂದ ನಿಮಗೆ ತೊಂದ್ರೆ ಆಯ್ತಾ?"

ರೈಮೋ ಬಾಯಿ ತೆರೆದ, ಮುಚ್ಚಿದ. ಕಿಟಕಿಯಾಚೆ ಸರೋವರದ ಕಡೆ ನೋಡಿದ.

*ಇವನೂ ಅವರ ಕಡೆಯವನೇ!*

ಮಾರನೇ ದಿನ ಬೆಳಿಗ್ಗೆ ಅವಳ ಕುರ್ಚಿಯ ಕೆಳಗೆ ಹಳೇ ಬಟ್ಟೆಯ ಚಿಂದಿಗಳಿಂದ ನೇಯ್ದ ಒಂದು ಜಮಖಾನ, ನಾಲ್ಕು ಮಡಿಕೆ ಮಾಡಿ ಹಾಕಿತ್ತು. ರೈಮೋ ಮಂಡಿಯೂರಿ ಅದರ ಅಂಚು ಸರಿಪಡಿಸುತ್ತಿದ್ದ.

"ಓಹೋ! ಪ್ರೊಫೆಸರ್ ಬಾಯಲ್ಲಿ ಹೇಳಿದ್ರು. ನೀವು ಕೈಯಾರೆ ನನ್ನ ಕಾಲಿನ ಬಾಯಿಗೆ ಬಟ್ಟೆ ತುರುಕ್ತಿದ್ದೀರಾ?"

"ಅದು... ಹಂಗಲ್ಲ..."

"ಮತ್ತೆ ಹೆಂಗೆ?"

ಅವನ ಕಿವಿಗಳು ಕೆಂಪಾದವು.

"ಇದು ಯಾರದ್ದೋ ಅವರಿಗೆ ತೊಳೆದು ಕೊಡ್ತೀನಿ. ನನಗ್ಯಾರ ಉಪಕಾರವೂ ಬೇಡ!" ಜಮಖಾನವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟೇಬಿಟ್ಟಳು.

ಸರೋವರದ ಅಂಚಿನಲ್ಲಿ ಜಮಖಾನ ತೊಳೆಯುವ ಕಟ್ಟೆಯ ಮೇಲೆ ಆಗಲೇ ಶಾಲೆಯ ಅಡುಗೆಯ ಮಾರ್ತಾ ಇದ್ದಳು. ಮೊಣಕಾಲವರೆಗೆ ನೀರಿಗೆ ಇಳಿಬಿಟ್ಟ ಕಾಲು, ಕೈಯಲ್ಲಿ ಉಜ್ಜುವ ಬ್ರಷ್, ಪೈನ್ ಸಾಬೂನಿನ ನೊರೆ. ಹಿಲ್ಲೆವಿ ಪಕ್ಕದಲ್ಲೇ ಕೂತು, ಎದುರಿಗಿರುವುದು ರೈಮೋನ ಮುಖವೇ ಎಂಬಂತೆ ಉಜ್ಜತೊಡಗಿದಳು.

"ಮೆಲ್ಲಗೆ ಕಣೇ ಹುಡುಗಿ! ಅದು ನನ್ನ ಜಮಖಾನ. ನಮ್ಮತ್ತೆ ನೇಯ್ದಿದ್ದು."

"ನಿಮ್ದಾ? ಆ ಚೆಲ್ಲೋದವನ ಕೈಗೆ ಯಾಕೆ ಕೊಟ್ರಿ?"

ಮಾರ್ತಾ ನಡು ಹಿಡಿದು ನಕ್ಕಳು. "ಕೊಡದೆ ಏನ್ಮಾಡ್ಲಿ? ನಿನ್ನೆ ನಾನು ಕಾಫಿ ಕಾಯಿಸ್ತಾ ಇದ್ದೆ. ಪಕ್ಕದ ಕೋಣೇಲಿ ಪ್ರೊಫೆಸರು, 'ಅವಳನ್ನ ಇವತ್ತೇ ಕಳಿಸ್ತೀನಿ' ಅಂತಿದ್ರು. ಇವನು, 'ಹಂಗಾದ್ರೆ ಚೆಲ್ಲೋಗೂ ಬೇರೆಯವರನ್ನ ನೋಡ್ಕೊಳಿ' ಅಂದ. ಅಷ್ಟೇ ಮಾತು! ಪ್ರೊಫೆಸರು ಕೂಗಾಡಿ ಕೂಗಾಡಿ, ಕೊನೆಗೆ 'ಸದ್ದು ಬರದಿದ್ರೆ ಅವಳು ಏನಾದ್ರೂ ಮಾಡ್ಕೊಳ್ಲಿ' ಅಂದ್ರು."

ಹಿಲ್ಲೆವಿಯ ಕೈ ನೀರಿನಲ್ಲೇ ನಿಂತಿತು.

"ಆಮೇಲೆ ಅಡುಗೆಮನೆಗೆ ಬಂದು ನನ್ನ ಎಂಟು ಜಮಖಾನ ಒಂದೊಂದಾಗಿ ಹಾಸಿ, ಕರಡಿ ಕುಣಿದ ಹಾಗೆ ಕಾಲು ಬಡಿದು ನೋಡ್ದ ಕಣೇ! ಸದ್ದು ಹೊರಗೆ ಹೋಗಬಾರದಂತೆ, ನಿನ್ನ ಪಾದಕ್ಕೆ ಮಾತ್ರ ನೆಲ ಸಿಗಬೇಕಂತೆ. ಎಂಟನೇದು ಇದು."

"ನನ್ನತ್ರ ಯಾಕೆ ಹೇಳ್ಲಿಲ್ಲ ಅವನು?"

"ಹೇಳೋದಾ? ಇದೇ ಊರಿನ ಹುಡುಗ ಕಣೇ ಇವನು, ಇವನಪ್ಪ ಇವನಮ್ಮನ್ನ ಮದುವೆಯಾಗ್ತೀಯಾ ಅಂತ ಕೇಳೋಕೆ ಮೂರು ವರ್ಷ ತಗೊಂಡ. ಇವನು ಎಂಟು ಜಮಖಾನ ಹಾಸಿದ್ದೇ ದೊಡ್ಡ ಭಾಷಣ!"

ಮೌನ ಸಮ್ಮತಿ ಎಂದು ನಂಬಿ ಮೋಸಹೋಗಿದ್ದಳು ಹಿಲ್ಲೆವಿ. ಈ ಊರಿನಲ್ಲಿ ಮೌನ ಎಂದರೆ ಬರೀ ಮೌನ. ಒಳಗೇನಿದೆ ಎಂದು ಕೈಹಾಕಿಯೇ ನೋಡಬೇಕು.

ಅವಳ ಕಣ್ಣು ತುಂಬಿತು. ಆದರೂ ತಲೆ ಮಾತ್ರ ತಗ್ಗಲಿಲ್ಲ.

*ಅಪ್ಪ ಬಟ್ಟೆಯ ಮೇಲೆ ಕಾಲು ಬಡಿದವನಲ್ಲ.*

ಶನಿವಾರ ಬಂತು. ಹಾಲ್ ಕಿಕ್ಕಿರಿದಿತ್ತು. ರೇಡಿಯೋದವರ ಮೈಕು ತಲೆಯ ಮೇಲೆ ತೂಗುತ್ತಿತ್ತು. ಮೊದಲ ಸಾಲಿನಲ್ಲಿ ಪ್ರೊಫೆಸರ್, ಅವರ ಪಕ್ಕ ಹೆಲ್ಸಿಂಕಿಯಿಂದ ರೈಲಿನಲ್ಲಿ ಬಂದ ಇನ್ನೊಬ್ಬ ಪಿಟೀಲುಗಾರ, ಪೆಟ್ಟಿಗೆ ತೊಡೆಯ ಮೇಲೆ!

ವೇದಿಕೆಯ ಬಾಗಿಲ ಹಿಂದೆ ಹಿಲ್ಲೆವಿ ಒಣಗಿದ ಜಮಖಾನವನ್ನು ರೈಮೋನ ಮುಂದೆ ಹಿಡಿದಳು.

"ಮಾರ್ತಾ ಎಲ್ಲಾ ಹೇಳಿದ್ರು. ನಿಮ್ಮ ಮೇಲೆ ಹರಿಹಾಯ್ದೆ, ತಪ್ಪಾಯ್ತು. ಆದ್ರೆ ಇವತ್ತು ನಾನು ಬರೀ ನೆಲಕ್ಕೇ ಕಾಲು ಹಾಕೋದು. ಇಲ್ಲಿ ನುಡಿಸೋದು ಇದೇ ನನ್ನ ಕೊನೇ ಸಲ ಆಗಬಹುದು. ನಿಮಗೂ ಆಗಬಹುದು."

ರೈಮೋ ಜಮಖಾನ ತೆಗೆದುಕೊಂಡು ತಿರುವಿ ನೋಡಿದ.

"ಒಳ್ಳೇದಾಯ್ತು," ಎಂದ. "ನನ್ನ ಚೆಲ್ಲೋ ಜಾರ್ತಿತ್ತು."

ವೇದಿಕೆಯ ಮೇಲೆ ಅದನ್ನು ತನ್ನ ಚೆಲ್ಲೋದ ಮೊನೆಯ ಕೆಳಗೆ ಹಾಸಿಕೊಂಡ!

ಹಿಲ್ಲೆವಿ ಕಮಾನು ಎತ್ತಿದಳು. ಎದುರಿಟ್ಟ ಸ್ವರಗಳ ಹತ್ತನೇ ಸಾಲು ದಾಟುವಷ್ಟರಲ್ಲಿ... ಧಪ್! ಟೊಳ್ಳು ನೆಲ ಗುಡುಗಿತು. ಪ್ರೊಫೆಸರ್ ಕುರ್ಚಿಯ ಕೈ ಹಿಡಿದು ಅರ್ಧ ಎದ್ದರು. ಅವಳು ಅವರನ್ನೇ ನೇರ ನೋಡುತ್ತಾ ಮತ್ತೆ ಬಡಿದಳು. ಧಪ್!

ಆಗ ಎದುರಿನಿಂದ ಇನ್ನೊಂದು ಸದ್ದು.

ರೈಮೋ! ಇಷ್ಟು ವರ್ಷ ಕದಲದೆ ಕೂತು ನುಡಿಸಿದವನ ಎಡಗಾಲು ನೆಲಕ್ಕೆ ಬೀಳುತ್ತಿತ್ತು. ತಾಳ ಒಂಚೂರು ತಪ್ಪುತ್ತಿತ್ತು, ಮುಖ ಕೆಂಪಗಿತ್ತು... ಆದರೂ ಅವನು ನಿಲ್ಲಿಸಲಿಲ್ಲ. ಅವಳಿಗೆ ಎಲ್ಲವೂ ಕೇಳಿಸಿತು. ದೇಶಕ್ಕೆಲ್ಲ ಕೇಳಿಸಿತು!

ಪ್ರೊಫೆಸರ್ ಎದ್ದು ಹೊರನಡೆದರು. ಪೆಟ್ಟಿಗೆ ಹಿಡಿದವನು ಮಾತ್ರ ಕೂತಲ್ಲೇ ಉಳಿದ, ಕೊನೆಯವರೆಗೂ.

ಚಪ್ಪಾಳೆ ಮುಗಿದ ಮೇಲೆ ಇಬ್ಬರೂ ತೊಳೆಯುವ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತರು. ಸಂಜೆಯ ಬಿಸಿಲು ಇನ್ನೂ ನೀರಿನ ಮೇಲಿತ್ತು.

"ಕಾಲಲ್ಲಿ ಹೇಳಿದ್ದು ಗೊತ್ತಾಯ್ತು," ಎಂದಳು ಹಿಲ್ಲೆವಿ. "ಬಾಯಲ್ಲೂ ಹೇಳು."

"ಇವತ್ತೇನಾ?"

"ನಾಳೆ ಹತ್ತರ ಬಸ್ಸಿಗೆ ನಾನು ಹೊರಡ್ತೀನಿ."

ಅವನ ಎಡಗಾಲು ನೀರಿಗೆ ಒಮ್ಮೆ ಬಡಿಯಿತು.

"ಹೋಗ್ಬೇಡ," ಎಂದ. ಆಮೇಲೆ, ಮೂರು ವರ್ಷ ಹಿಡಿಯಬೇಕಾದ ಮಾತನ್ನು ಒಂದೇ ಉಸಿರಿಗೆ: "ನೀನಂದ್ರೆ ನಂಗೆ ಪ್ರಾಣ."

"ನಿನ್ನ ತಾಳ ತಪ್ಪುತ್ತೆ ಕಣೋ."

"ಕಲಿಸ್ತೀಯಾ?"

"ಕಾಲಿಗೆ ಶಾಲು ಕಟ್ಟಲ್ಲ. ಅದೊಂದು ಮಾತು ಕೊಡ್ತೀನಿ."

ಪ್ರೊಫೆಸರ್ ಶನಿವಾರವೇ ಹೊರಟುಹೋಗಿದ್ದರು. ಭಾನುವಾರ ಹತ್ತರ ಬಸ್ಸು ಹಿಲ್ಲೆವಿ ಇಲ್ಲದೆ ಹೋಯಿತು. ಮಂಗಳವಾರ ಇಬ್ಬರೂ ಒಟ್ಟಿಗೆ ಹೊರಟರು, ಮಾರ್ತಾ ಕೊಟ್ಟ ಎಂಟನೇ ಜಮಖಾನ ಸುತ್ತಿಕೊಂಡು.